ಎಡ ಮೂಲೆಯ ಕಂದು ಬೆಳಕು

ಮೋಟಾರು ವೈಂಡಿಂಗ್ ಮಾಡುವವನ ಮನೆಯ ಮುಂದೆ ಅವನ ಅಂಗಡಿ, ಹಿಂದೆ ಅವನ ಹೆಂಡತಿಯ ಕೋಳಿಮರಿ ಶೆಡ್ಡು ಇದ್ದವು. ಶೆಡ್ಡಿನಿಂದ ಮೂವತ್ತು ಹೆಜ್ಜೆ ಆಚೆ, ಸಿಮೆಂಟು ಕಟ್ಟೆಯ ಮೇಲೆ, ಟಾರ್ಪಾಲು ಹೊದ್ದುಕೊಂಡು ಅವನ ದೂರದರ್ಶಕ ನಿಂತಿತ್ತು. ಊರಿನವರು ಅದನ್ನು ಫಿರಂಗಿ ಎನ್ನುತ್ತಿದ್ದರು. ಬೋರ್‌ವೆಲ್ಲಿಗೆ ಇಳಿಸುವ ಅಗಲದ ಕೊಳವೆಯನ್ನು ಕೊಯ್ದು ಮಾಡಿದ ಮೈ. ಒಕ್ಕಣೆ ಯಂತ್ರದಿಂದ ಕಳಚಿದ ಬೇರಿಂಗಿನ ಮೇಲೆ ತಿರುಗುವ ಕತ್ತು. ಆಕಾಶ ಸರಿದಂತೆಲ್ಲ ತಾನೂ ಸರಿಯಲು ಅವನೇ ತಂತಿ ಸುತ್ತಿದ ಪುಟ್ಟ ಮೋಟಾರು.

ಒಳಗಿನ ಕನ್ನಡಿಯನ್ನು ಮಾತ್ರ ಎಲ್ಲಿಂದಲೂ ಕಳಚಿ ತಂದದ್ದಲ್ಲ. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ನೀರು ಬೆರೆಸಿದ ಉಜ್ಜುಪುಡಿ ಹಾಕಿ, ಮರಳು ತುಂಬಿದ ಎಣ್ಣೆ ಡ್ರಮ್ಮಿನ ಮೇಲಿಟ್ಟು, ಹತ್ತು ಸಲ ಉಜ್ಜುವುದು, ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯುವುದು, ಮತ್ತೆ ಹತ್ತು ಸಲ ಉಜ್ಜುವುದು. ಹೀಗೆ ಹದಿನಾಲ್ಕು ತಿಂಗಳು.

"ಗಾಣದ ಎತ್ತಿಗಾದ್ರೂ ಸುತ್ತಿದ ಮೇಲೆ ಎಣ್ಣೆ ಬರುತ್ತೆ ರೀ. ನಿಮಗೇನು ಬರುತ್ತೆ?" ಎಂದು ಹೆಂಡತಿ ಆಗ ಕೇಳಿದ್ದಳು.

"ಕತ್ತಲೆ ಇದ್ರೆ ಎಲ್ಲಾ ಬರುತ್ತೆ" ಎಂದಿದ್ದ.

ಅವನಿಗೆ ಬೇಕಾಗಿದ್ದದ್ದು ಒಂದು ಗ್ರಹ ನೀಹಾರಿಕೆ. ಮುಪ್ಪಾದ ನಕ್ಷತ್ರವೊಂದು ತನ್ನ ಹೊರಪದರಗಳನ್ನು ಕಳಚಿ ಸುತ್ತಲೂ ಚೆಲ್ಲಿದ ಹೊಗೆಯಂಥ ಉಂಗುರ. ಗ್ರಹಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಹಿಂದಿನವರ ಸಣ್ಣ ದೂರದರ್ಶಕಗಳಲ್ಲಿ ಗ್ರಹದ ಹಾಗೆ ದುಂಡಗೆ ಕಂಡದ್ದಕ್ಕೆ ಬಿದ್ದ ಹೆಸರು. ಇವನು ಆರಿಸಿಕೊಂಡದ್ದಕ್ಕೆ ಹೆಸರೂ ಇರಲಿಲ್ಲ, ಪಟ್ಟಿಯಲ್ಲೊಂದು ನಂಬರು ಇತ್ತು, ಅಷ್ಟೆ. ಕಣ್ಣಿಟ್ಟು ನೋಡಿದರೆ ಅಲ್ಲಿ ಏನೂ ಕಾಣದು. ಕ್ಯಾಮೆರಾ ಕಟ್ಟಿ ಐದೈದು ನಿಮಿಷದ ಚಿತ್ರ ತೆಗೆದು, ಅಂಥ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ, ಆಗ ಕಾದ ಹಾಲಿಗೆ ಕೆನೆ ಕಟ್ಟುವ ಹಾಗೆ ಮೆಲ್ಲಗೆ ಮೇಲೇಳುತ್ತದೆ. ಒಂದೊಂದು ಚಿತ್ರಕ್ಕೂ ಅವನು ಫ್ರೇಮು ಎನ್ನುತ್ತಿದ್ದ. ಇಪ್ಪತ್ತು ಗಂಟೆಯಷ್ಟು ಫ್ರೇಮುಗಳು ಬೇಕೆಂದು ಅವನ ಅಂದಾಜು. ಎರಡು ಚಳಿಗಾಲ ಕಳೆದು ಹದಿನೆಂಟಾಗಿತ್ತು.

ಅಷ್ಟು ನಿಧಾನವಾದದ್ದು ಶೆಡ್ಡಿನಿಂದ. ಕಂಪನಿಯವರು ಒಂದು ದಿನದ ಮರಿಗಳನ್ನು ತಂದು ಸುರಿದು ಹೋದರೆ, ಅವನ್ನು ಆರು ವಾರ ಸಾಕಿ ಕೊಡುವುದು ಹೆಂಡತಿಯ ಕೆಲಸ. ಮೊದಲ ವಾರವಂತೂ ಹಗಲು ರಾತ್ರಿ ಬಲ್ಬು ಉರಿಯಲೇಬೇಕು. ಎಂಟು ದಿನವಾದ ಮೇಲೆ ರಾತ್ರಿ ಸ್ವಲ್ಪ ಹೊತ್ತು ಆರಿಸುವುದು ಶೆಡ್ಡಿನ ಪದ್ಧತಿ. ಮೊದಲ ದಿನ ಐದು ನಿಮಿಷ, ಮರುದಿನ ಹತ್ತು, ಹೀಗೆ ಏರಿಸುತ್ತಾ ಹೋಗಿ ಒಂದು ಗಂಟೆ. ಆ ಒಂದು ಗಂಟೆಯನ್ನು ಅವಳು ಗಂಡನ ಅನುಕೂಲಕ್ಕೆ ಹೊಂದಿಸಿ ಕೊಡುತ್ತಿದ್ದಳು. "ರೀ, ಆರಿಸಿದೆ, ಶುರು ಹಚ್ಕೊಳ್ಳಿ" ಎಂದು ಶೆಡ್ಡಿನ ಬಾಗಿಲಿನಿಂದ ಕೂಗಿದರೆ ಇವನು ಕ್ಯಾಮೆರಾದ ಗುಂಡಿ ಒತ್ತುತ್ತಿದ್ದ. ರಾತ್ರಿಗೆ ಹನ್ನೆರಡು ಫ್ರೇಮು. ಮೊದಮೊದಲ ದಿನಗಳಲ್ಲಿ ಅವಳು ಕತ್ತಲೆಯಲ್ಲೇ ಮರಿಗಳ ನಡುವೆ ನಿಂತು ಏನಾದರೊಂದು ಮಾತಾಡುತ್ತಿರುವುದು ಇವನಿಗೆ ಕೇಳಿಸುತ್ತಿತ್ತು. ಬಸ್ಸು ತಡವಾದದ್ದು, ಅಕ್ಕನ ಹೊಟ್ಟೆನೋವು, ಗಂಡನ ಬಟ್ಟೆಗೆ ಹತ್ತಿದ ವಾರ್ನಿಷ್ ಕಲೆ ಹೋಗದೇ ಇರುವುದು. ಅದೇಕೆ ಹಾಗೆ ಮಾತಾಡುತ್ತಾಳೆಂದು ಅವನು ಯಾವತ್ತೂ ಕೇಳಲಿಲ್ಲ. ಅವನಿಗೆ ಕತ್ತಲೆ ಸಿಕ್ಕರೆ ಸಾಕಿತ್ತು.

ಶೆಡ್ಡಿನ ಬಲ್ಬು ಉರಿಯುವಾಗ ತೆಗೆದ ಫ್ರೇಮಿನ ಎಡ ಮೂಲೆಯಲ್ಲಿ ಕಂದು ಬೆಳಕೊಂದು ಚಹಾ ಚೆಲ್ಲಿದ ಹಾಗೆ ಹರಡಿಕೊಳ್ಳುತ್ತಿತ್ತು. ಬಲ ಅಂಚಿನಲ್ಲಿ ಯಾವಾಗಲೂ ಒಂದು ಹಳದಿ ಗೀರು ಇರುತ್ತಿತ್ತು. ಅದು ಲೈನ್‌ಮನ್ ದಿನಾ ಸಂಜೆ ಹಾಕುವ, ಓಣಿಯ ತಿರುವಿನ ಬೀದಿದೀಪದ್ದು. ಗೀರನ್ನು ಹೇಗೋ ಒರೆಸಿ ತೆಗೆಯಬಹುದು, ಕಂದು ಬೆಳಕನ್ನು ಆಗುವುದಿಲ್ಲ. ಒಮ್ಮೆ ಅವಳನ್ನು ಕರೆದು ತೋರಿಸಿದ್ದ.

"ಎಡಗಡೆ ಇರೋದು ನೀನು. ಬಲಗಡೆ ಇರೋದು ಲೈನ್‌ಮನ್ನು."

"ಅಯ್ಯೋ, ಆ ಮನುಷ್ಯನ ಜೊತೆ ನನ್ನನ್ನ ಆಕಾಶಕ್ಕೆ ಕಳಿಸಿದ್ರಾ?" ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಆಮೇಲೆ ಅದೇ ಮಾತು ಮನೆಯಲ್ಲಿ ನಿಂತುಬಿಟ್ಟಿತು. ಫ್ರೇಮು ನೋಡುತ್ತಾ ಕೂತವನ ಬೆನ್ನ ಹಿಂದೆ ಹಾದುಹೋಗುವಾಗ, "ಇವತ್ತು ನಾನಿದೀನೇನ್ರೀ?" ಎಂದು ಕೇಳುತ್ತಿದ್ದಳು. "ಇಲ್ಲ ಕಣೇ, ಲೈನ್‌ಮನ್ ಒಬ್ಬನೇ" ಎಂದರೆ, "ಪಾಪ, ಒಂಟಿ" ಎನ್ನುತ್ತಿದ್ದಳು.

ಎರಡನೇ ಚಳಿಗಾಲ ಮುಗಿಯುವ ಹೊತ್ತಿಗೆ ಎದುರಿನ ಹೊಲದಲ್ಲಿ ದೊಡ್ಡ ಗೋದಾಮೊಂದು ಎದ್ದಿತು. ಅದರ ಸುತ್ತ ಎಂಟು ಎತ್ತರದ ಕಂಬ ನೆಟ್ಟರು. ಬೇಸಿಗೆಗೆ ದೀಪ ಹತ್ತುತ್ತದೆಂದು ಲೈನ್‌ಮನ್ನೇ ಬಂದು ಹೇಳಿದ. "ನಿಮ್ಮ ಫಿರಂಗೀನ ಇನ್ಮೇಲೆ ಕಾಳು ತುಂಬೋಕೆ ಇಟ್ಕೊಳ್ಳಿ ಅಣ್ಣ. ಆ ಬೆಳಕಲ್ಲಿ ನೀವು ರಾತ್ರಿ ಸೂಜಿಗೆ ದಾರ ಪೋಣಿಸಬಹುದು."

ನೀಹಾರಿಕೆ ಆಗಲೇ ಪಡುವಣಕ್ಕೆ ಇಳಿದಿತ್ತು. ಕತ್ತಲಾದ ಮೇಲೆ ಎರಡು ಗಂಟೆ ಇದ್ದು ಗುಡ್ಡದ ಹಿಂದೆ ಹೋಗುತ್ತಿತ್ತು. ಇನ್ನೊಂದು ವಾರ ಕಳೆದರೆ ಅಷ್ಟೂ ಇರದು, ಚಂದ್ರನೂ ಬರುತ್ತಾನೆ. ಮತ್ತೆ ಅದು ಮೇಲೇಳುವುದು ಮುಂದಿನ ಚಳಿಗಾಲ. ಅಷ್ಟರಲ್ಲಿ ಕಂಬಗಳಿರುತ್ತವೆ. ಬೇಕಾದ್ದು ಎರಡೇ ಗಂಟೆ, ಆದರೆ ಶೆಡ್ಡಿನಲ್ಲಿ ಹೊಸ ಮರಿಗಳು. ಕಂಪನಿಯ ಲಾರಿ ಹತ್ತು ದಿನ ತಡವಾಗಿ ಬಂದಿತ್ತು. ರಾತ್ರಿಯೆಲ್ಲ ಬಲ್ಬು. ಅವನು ದಿನಾ ಸಂಜೆ ಟಾರ್ಪಾಲು ತೆಗೆದು, ಹಾಗೇ ನಿಂತು, ಮತ್ತೆ ಹೊದಿಸುತ್ತಿದ್ದ.

ಮರಿ ಬಂದ ಎಂಟನೇ ದಿನ ಹೆಂಡತಿಯ ಅಕ್ಕನಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಫೋನು ಬಂತು. ರಾತ್ರಿ ಜೊತೆಗಿರಲು ಬೇರೆ ಯಾರೂ ಇರಲಿಲ್ಲ.

"ಶಾಖದ ಡ್ರಮ್ಮಲ್ಲಿ ಇದ್ದಿಲು ಆರದ ಹಾಗೆ ನೋಡ್ಕೊಳ್ಳಿ" ಎಂದು ಅವಳು ಚೀಲಕ್ಕೆ ಸೀರೆ ತುರುಕುತ್ತಾ ಹೇಳಿದಳು. "ನೀರಿನ ಬಟ್ಟಲು ಎರಡು ಸಲ ತೊಳೀರಿ. ಗಾಳಿ ಕಡೆ ಪರದೆ ಇಳಿಸಿ. ಮರಿಗಳ ಸುತ್ತ ಕಟ್ಟಿದ್ದ ತಗಡು ನಿನ್ನೆ ತೆಗೆದಿದೀನಿ, ಮರಿ ಶೆಡ್ಡೆಲ್ಲಾ ಓಡಾಡ್ತವೆ, ನೋಡದೆ ತುಳಿದುಬಿಟ್ಟೀರ. ನಾಳೆ ಮೊದಲ ಬಸ್ಸಿಗೆ ಬಂದ್ಬಿಡ್ತೀನಿ."

"ಸರಿ ಕಣೇ, ಹೊರಡು. ಬಸ್ಸು ಹೋಗುತ್ತೆ."

"ಫಿರಂಗಿ ಧ್ಯಾನದಲ್ಲಿ ಮರಿ ಮರೀಬೇಡಿ."

"ಮೂರು ಸಾವಿರ ಜನ ಒಟ್ಟಿಗೆ ಕೂಗ್ತಿದ್ರೆ ಹೇಗೇ ಮರೆಯೋದು?"

ಬಲ್ಬು ಆರಿಸಬೇಡಿ ಎಂದು ಅವಳು ಹೇಳಲಿಲ್ಲ. ಮನೆಗೆ ಬೆಂಕಿ ಹಚ್ಚಬೇಡಿ ಎಂದೂ ಹೇಳಿರಲಿಲ್ಲ.

ಸಂಜೆ ಗಾಳಿ ಬಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಅವನು ಶೆಡ್ಡಿನೊಳಗೆ ನಿಂತು ಬಲ್ಬು ಎಣಿಸಿದ. ನೂರು ವಾಟಿನವು ಇಪ್ಪತ್ತು. ಮೂವತ್ತು ವರ್ಷ ಸುಟ್ಟ ಕಾಯಿಲ್‌ಗಳ ನಡುವೆ ಬದುಕಿದವನಿಗೆ ಬಲ್ಬು ಎಂದರೆ ಶಾಖ. ಬೆಳಕು ಅದರ ಜೊತೆಗೆ ಬರುವ ಸಣ್ಣ ಪಾಲು. ಮರಿಗೆ ಪುಕ್ಕ ಬಲಿಯುವ ತನಕ ಶಾಖ ಬೇಕು, ಅದಕ್ಕೇ ಮೊದಲ ವಾರ ಬಲ್ಬು, ಬಲಿತ ಮೇಲೆ ಆರಿಸುತ್ತಾಳೆ ಎಂಬುದು ಅವನು ತನಗೆ ತಾನೇ ಕಂಡುಕೊಂಡಿದ್ದ ಅರ್ಥ. ಎರಡು ಸಾವಿರ ವಾಟು ಕಡಿಮೆಯಾದರೆ ಎಷ್ಟು ಇದ್ದಿಲು ಹೆಚ್ಚು ಹಾಕಬೇಕು? ಗೋಡೆಯ ಮೇಲೆ ಮೊಳೆಯಿಂದ ಗೀಚಿ ಲೆಕ್ಕ ಮಾಡಿದ. ಇದ್ದಿಲಿನ ಎರಡು ಡ್ರಮ್ಮು ಆಗಲೇ ಕಾಯುತ್ತಿದ್ದವು. ಮೂರನೆಯದನ್ನು ತಂದು ಹೊತ್ತಿಸಿ, ಮುಚ್ಚಳ ಹಾಕಿ, ನಡುಮಧ್ಯಕ್ಕೆ ಇಟ್ಟ. ಅರ್ಧ ಗಂಟೆ ಕಾದ. ಥರ್ಮಾಮೀಟರು ಬೇಕಾದ್ದಕ್ಕಿಂತ ಎರಡು ಗೆರೆ ಮೇಲೆಯೇ ಇತ್ತು. ನೀರು ತೊಳೆದು ತುಂಬಿದ, ಪರದೆ ಇಳಿಸಿದ. ಹೆಂಡತಿ ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ.

ಏಳೂವರೆಗೆ ಬಾಗಿಲ ಬದಿಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ.

ಮೂರು ಸಾವಿರ ಕೊರಳು ಒಂದೇ ಸಲ ನಿಂತವು. ಬಾವಿಯ ಮೋಟಾರು ನಿಂತಾಗ ಕಿವಿಗೆ ಆಗುವ ಹಾಗೆ ಆಯಿತು. ಅವನು ಮೂವತ್ತು ಹೆಜ್ಜೆ ನಡೆದು ಬಂದು ಗುಂಡಿ ಒತ್ತುವಷ್ಟರಲ್ಲಿ ಹಿಂದಿನಿಂದ ಕೂಗು ಎದ್ದಿತು. ದಿನದ ಚಿಲಿಪಿಲಿಯಲ್ಲ, ತೆಳ್ಳಗೆ, ಎತ್ತರಕ್ಕೆ, ಎಲ್ಲ ಒಂದೇ ದನಿಯಾಗಿ. ಹೊಸ ಕತ್ತಲೆ, ಸ್ವಲ್ಪ ಹೊತ್ತು ಗಲಾಟೆ ಮಾಡುತ್ತವೆ ಎಂದುಕೊಂಡ. ಹೋಗಿ ನೋಡೋಣವೆಂದು ಎರಡು ಹೆಜ್ಜೆ ಇಟ್ಟ. ಟಾರ್ಚು ಬಿಟ್ಟರೆ ಫ್ರೇಮು ಹಾಳಾಗುತ್ತದೆ. ನಡೆದರೆ ಕಟ್ಟೆ ಅದುರುತ್ತದೆ. ನಿಂತ. ಮೊದಲ ಫ್ರೇಮು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದರಲ್ಲಿ ಕೂಗು ತಗ್ಗುತ್ತಾ ಬಂತು. ನಾಲ್ಕನೆಯದು ಶುರುವಾಗುವಾಗ ಶೆಡ್ಡಿನಿಂದ ಅಲ್ಲೊಂದು ಇಲ್ಲೊಂದು ದನಿ ಬಿಟ್ಟರೆ ಏನೂ ಇರಲಿಲ್ಲ.

ಮಲಗಿದವು ಎಂದುಕೊಂಡ. ಕಂಬಳಿ ಹೊದ್ದು ಸ್ಟೂಲಿನ ಮೇಲೆ ಕೂತು ನಕ್ಷತ್ರಗಳು ಗುಡ್ಡದ ಕಡೆ ಇಳಿಯುವುದನ್ನು ನೋಡುತ್ತಾ, ಒಂದೊಂದು ಫ್ರೇಮು ಮುಗಿದಾಗಲೂ ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ನೋಟುಬುಕ್ಕಿನಲ್ಲಿ ಗೀಟು ಹಾಕಿದ. ಇಪ್ಪತ್ತಾರು ಗೀಟು. ಎರಡು ವರ್ಷದಲ್ಲಿ ಅಷ್ಟು ಒಳ್ಳೆಯ ಎರಡು ಗಂಟೆ ಅವನಿಗೆ ಸಿಕ್ಕಿರಲಿಲ್ಲ.

ಒಂಬತ್ತು ಮುಕ್ಕಾಲಿಗೆ ಹೋಗಿ ಸ್ವಿಚ್ಚು ಮೇಲೆತ್ತಿದ. ಶೆಡ್ಡಿನ ನಡುಭಾಗ ಗುಡಿಸಿದ ಹಾಗೆ ಖಾಲಿ ಇತ್ತು. ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬೆಚ್ಚಗಿನ ಡ್ರಮ್ಮುಗಳು, ತುಂಬಿದ ನೀರಿನ ಬಟ್ಟಲುಗಳು. ಗೋಡೆಯ ಉದ್ದಕ್ಕೂ ಅಲ್ಲಲ್ಲಿ ಮರಿಗಳು ಒತ್ತಿಕೊಂಡು ನಿಂತಿದ್ದವು. ಬಾಗಿಲಿನ ಎದುರಿನ ಮೂಲೆಯಲ್ಲಿ ಮೊಣಕಾಲೆತ್ತರದ ಹಳದಿ ಗುಡ್ಡೆ ಇತ್ತು. ಮೇಲಿನ ಪದರ ಕದಲುತ್ತಿತ್ತು.

ಅವನು ಮಂಡಿಯೂರಿ ಎರಡೂ ಕೈಯಲ್ಲಿ ತೋಡಿದ. ಮೇಲಿನವನ್ನು ಹಿಂದಕ್ಕೆ ಎಸೆದ ಹಾಗೆ ಬಿಟ್ಟ. ಅವು ಎದ್ದು ಓಡಿದವು. ಒಂದು ಗೇಣು ಕೆಳಗೆ ಹೋದ ಮೇಲೆ ಸಿಕ್ಕವು ಓಡಲಿಲ್ಲ. ಒದ್ದೆಯಾಗಿದ್ದವು, ಚಪ್ಪಟೆಯಾಗಿದ್ದವು, ಇನ್ನೂ ಬೆಚ್ಚಗಿದ್ದವು. ಒಂದೊಂದನ್ನೇ ಅಂಗೈಯಲ್ಲಿಟ್ಟು ಉಜ್ಜಿದ, ಕೊಕ್ಕು ಬಿಡಿಸಿ ಊದಿದ. ಇಪ್ಪತ್ತೋ ಮೂವತ್ತೋ ಕಣ್ಣು ಬಿಟ್ಟವು. ಬೆಳಗಿನ ಜಾವದವರೆಗೂ ಹಾಗೇ ಮಾಡಿದ. ಉಳಿದವನ್ನು ಹೊರಗೆ ಗೋಣಿಯ ಮೇಲೆ ಸಾಲಾಗಿ ಇಟ್ಟಾಗ ಒಂಬೈನೂರ ಹನ್ನೊಂದು ಇದ್ದವು. ಫ್ರೇಮು ಎಣಿಸುವ ಅಭ್ಯಾಸದ ಕೈ, ಬೇಡವೆಂದರೂ ಎಣಿಸಿತ್ತು.

ಹೆಂಡತಿ ಬಂದಾಗ ಅವನು ಅಂಗಳದಲ್ಲಿ ಕೂತಿದ್ದ. ಅವಳು ಗೋಣಿಯನ್ನು ನೋಡಿದಳು, ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ.

"ಏನಾಯ್ತು?"

"ಕರೆಂಟು ಹೋಗಿತ್ತು."

ಹೇಳಬೇಕೆಂದು ಹೇಳಿದ್ದಲ್ಲ. ರಾತ್ರಿಯಿಡೀ ಬೇರೆ ಮಾತು ಜೋಡಿಸಿಕೊಂಡಿದ್ದ. ಬಾಯಿಗೆ ಬಂದದ್ದು ಇದು.

"ಎಷ್ಟು ಹೊತ್ತು?"

"ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಒಂದು ಮೋಟಾರು ಅರ್ಧ ಆಗಿತ್ತು. ಅಲ್ಲೇ ಕಣ್ಣು ಹತ್ತಿತು."

ಅವಳು ಗೋಣಿಯ ಪಕ್ಕ ಕೂತಳು. ಅವನನ್ನು ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ.

"ತಪ್ಪು ನಂದೇ" ಎಂದಳು. "ನಿನ್ನೆಯಿಂದ ಕತ್ತಲೆ ಕಲಿಸಬೇಕಿತ್ತು. ಹುಟ್ಟಿದಾಗಿಂದ ಬೆಳಕೇ ನೋಡಿರೋವು, ಒಂದೇ ಸಲ ಕತ್ತಲಾದ್ರೆ ಹೆದರಿ ಒಂದರ ಮೇಲೊಂದು ಬೀಳ್ತವೆ. ಅದಕ್ಕೇ ಅಲ್ವಾ ನಾನು ಐದೈದು ನಿಮಿಷ ಅಂತ ಕಲಿಸೋದು, ಜೊತೆಗೆ ನಿಂತು ಮಾತಾಡೋದು. ಒಂದು ದನಿ ಕೇಳ್ತಿದ್ರೆ ಸಾಕು, ಇದ್ದಲ್ಲೇ ಇರ್ತವೆ. ನಾನು ಚೀಲ ತಗೊಂಡು ಹೊರಟೇಬಿಟ್ಟೆ."

ಅವನು ಗುದ್ದಲಿ ತಂದು ಹೊಂಡ ತೋಡಿದ. ಅವಳು ಸುಣ್ಣ ಹಾಕಿದಳು.

ಮೂರನೇ ದಿನ ಲೈನ್‌ಮನ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅವಳು ಅಡ್ಡ ನಿಂತಳು. ವೈಂಡಿಂಗಿನವನು ಅಂಗಡಿಯ ಒಳಗಿನಿಂದ ಕೇಳಿಸಿಕೊಂಡ.

"ಹೇಳದೆ ಕೇಳದೆ ಕರೆಂಟು ತೆಗೀತೀಯಲ್ಲ, ನಿನ್ನ ಮನೇಲಿ ಮಕ್ಕಳಿಲ್ವಾ?"

"ಯಾವತ್ತು ತೆಗೆದೆ ಅಕ್ಕಾ? ಆವತ್ತು ರಾತ್ರಿ ಒಂದು ನಿಮಿಷಾನೂ ಹೋಗಿಲ್ಲ. ಬೇಕಿದ್ರೆ ಆಫೀಸಿನ ಪುಸ್ತಕ ನೋಡು."

"ನಿಮ್ಮ ಪುಸ್ತಕದಲ್ಲಿ ಯಾವತ್ತು ಹೋಗಿದೆ? ಮಳೆಗಾಲದಲ್ಲಿ ನಾಲ್ಕು ದಿನ ಇರಲಿಲ್ಲ, ಆಗಲೂ ನಿಮ್ಮ ಪುಸ್ತಕದಲ್ಲಿ ಕರೆಂಟು ಇತ್ತು!"

"ಅಣ್ಣನ್ನೇ ಕೇಳು."

"ಅವರೇ ಹೇಳಿದ್ದು ಕಣಯ್ಯ."

ಲೈನ್‌ಮನ್ ಅಂಗಡಿಯ ಕಡೆ ತಿರುಗಿದ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ದೂರದರ್ಶಕದ ಕಟ್ಟೆಗೆ ಮರಳು ಹೊತ್ತವನು ಅವನು. ವೈಂಡಿಂಗಿನವನು ಬಗ್ಗಿ ಕಾಯಿಲ್‌ಗೆ ನೂಲು ಕಟ್ಟುತ್ತಲೇ ಇದ್ದ, ತಲೆ ಎತ್ತಲಿಲ್ಲ. ಆ ಬಗ್ಗಿದ ಬೆನ್ನನ್ನು ನೋಡಿ ಲೈನ್‌ಮನ್, "ಹೋಗಿದ್ರೂ ಹೋಗಿರಬಹುದು ಅಕ್ಕ. ತಂತಿ ಹಳೇದು" ಎಂದು ಹೇಳಿ ಸೈಕಲ್ಲು ಹತ್ತಿದ.

ಐದನೇ ದಿನದವರೆಗೆ ಅವನು ಕ್ಯಾಮೆರಾವನ್ನು ಮುಟ್ಟಲಿಲ್ಲ. ಆ ಸಂಜೆ ಅವಳು ಶೆಡ್ಡಿನಲ್ಲಿದ್ದಾಗ ಕೈ ತಾನಾಗಿ ಹೋಯಿತು. ಗಾಳಿಗೆ ಅದುರಿದ ಫ್ರೇಮುಗಳನ್ನು ಆರಿಸಿ ಬಿಸಾಡೋಣವೆಂದು ಒಂದೊಂದನ್ನೇ ಪರದೆಯ ಮೇಲೆ ತಂದ. ಒಂದೂ ಅದುರಿರಲಿಲ್ಲ. ಇಪ್ಪತ್ತಾರನ್ನೂ ಹಳೆಯವುಗಳ ಮೇಲೆ ಕೂರಿಸಿದಾಗ ಉಂಗುರ ಬಂತು. ತಿಳಿ ಹಸಿರು ಒಳಗೆ, ಹೊರಗೆ ಕೆಂಪಿನ ಒಂದು ಎಳೆ, ಒಂದು ಕಡೆ ಹರಿದ ಹಾಗೆ ಬಿಟ್ಟುಕೊಂಡು. ಎರಡು ವರ್ಷ ಕಾದದ್ದು ಇದಕ್ಕೇ. ಅವನು ಅದನ್ನು ಹೆಚ್ಚು ಹೊತ್ತು ನೋಡಲಾರದೆ ಮುಚ್ಚಿ, ಮತ್ತೆ ಬಿಡಿ ಫ್ರೇಮುಗಳಿಗೆ ಹೋದ.

ಅವಳು ಒಳಗೆ ಬಂದದ್ದು ಕೇಳಿಸಲಿಲ್ಲ. ಲೋಟ ಮೇಜಿನ ಮೇಲಿಟ್ಟಾಗ ತಿರುಗಿದ. ಅವಳ ಮುಖ ನಾಲ್ಕು ದಿನದ ಮೇಲೆ ಮೊದಲ ಸಲ ಸ್ವಲ್ಪ ಸಡಿಲವಾಗಿತ್ತು.

"ತೋರಿಸಿ. ನಮ್ಮಲ್ಲಿ ಒಬ್ಬರದಾದ್ರೂ ಕೆಲಸ ಆಗ್ಲಿ. ಯಾವತ್ತಿಂದು ಇದು?"

ಮುಚ್ಚಲು ಕೈ ಹೋಯಿತು, ತಡವಾಯಿತು. ಫ್ರೇಮಿನ ಕೆಳಗೆ ತಾರೀಖು ಇತ್ತು, ಗಂಟೆ ಇತ್ತು. ಅವಳು ಬಗ್ಗಿ ಓದಿದಳು. ಅವಳ ಆಸ್ಪತ್ರೆಯ ರಾತ್ರಿ. ಎಂಟು ಗಂಟೆ ಐದು ನಿಮಿಷ.

"ಕರೆಂಟು ಹೋದಾಗ ತೆಗೆದಿದ್ದಾ? ಅಂಗಡೀಲಿ ಮಲಗಿದ್ದೆ ಅಂದ್ರಿ."

ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಎಡ ಮೂಲೆ ಶುದ್ಧ ಕಪ್ಪಾಗಿತ್ತು. ಬಲ ಅಂಚಿನಲ್ಲಿ ಹಳದಿ ಗೀರು ಎಂದಿನ ಹಾಗೆ ಇತ್ತು. ಅವಳು ಬೆರಳು ತಂದು ಗೀರಿನ ಮೇಲೆ ಇಟ್ಟಳು.

"ಲೈನ್‌ಮನ್ ಇದಾನಲ್ಲ" ಎಂದಳು. ಬೆರಳನ್ನು ಎಡಕ್ಕೆ ಎಳೆದುಕೊಂಡು ಬಂದಳು. "ನಾನೆಲ್ಲಿ?"

ಹೊರಗೆ ಶೆಡ್ಡಿನಿಂದ ಮರಿಗಳ ಸದ್ದು ಬರುತ್ತಿತ್ತು, ಮೊದಲಿಗಿಂತ ಕಡಿಮೆ.

"ಇದ್ದಿಲು ಹೆಚ್ಚು ಹಾಕಿದ್ದೆ" ಎಂದ ಅವನು. "ಶಾಖಕ್ಕೆ ಅಂತ ಅಂದ್ಕೊಂಡಿದ್ದೆ ಕಣೇ ಬಲ್ಬು. ಲೆಕ್ಕ ಹಾಕಿ ಮೂರನೇ ಡ್ರಮ್ಮು..."

"ನೀವು ಎಲ್ಲಿದ್ರಿ?"

"ಇಲ್ಲೇ. ಕಟ್ಟೆ ಹತ್ರ."

"ಕೂಗಿದ್ವಾ?"

"ಕೂಗಿದ್ವು."

"ಎಷ್ಟು ಹೊತ್ತು?"

ನೋಟುಬುಕ್ಕಿನಲ್ಲಿ ಅದೊಂದನ್ನು ಅವನು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

"ಮೂರು ಫ್ರೇಮು" ಎಂದ.

ಅವಳು ತಲೆಯಾಡಿಸಿದಳು. ಅಂಗಡಿಯವನು ಬೆಲೆ ಹೇಳಿದಾಗ ಆಡಿಸುವ ಹಾಗೆ. ಲೋಟ ಎತ್ತಿಕೊಂಡಳು, ಮತ್ತೆ ಇಟ್ಟಳು.

"ಒಂದು ಮಾತು ಆಡಿದ್ರೆ ಸಾಕಿತ್ತು ರೀ" ಎಂದಳು. "ಬಾಗಿಲಲ್ಲಿ ನಿಂತು ಏನಾದ್ರೂ. ನಿಮ್ಮ ನಕ್ಷತ್ರದ ಕಥೇನೇ ಹೇಳಿದ್ರೂ ಆಗ್ತಿತ್ತು. ಅವಕ್ಕೇನು ಗೊತ್ತು."

ಆ ರಾತ್ರಿ ಉಳಿದ ಮರಿಗಳಿಗೆ ಕತ್ತಲೆ ಕಲಿಸಲು ಶುರುಮಾಡಬೇಕಿತ್ತು. ಇನ್ನೂ ತಡಮಾಡಿದರೆ, ನಿಜವಾಗಿ ಕರೆಂಟು ಹೋದ ರಾತ್ರಿ ಇವೂ ಉಳಿಯುವುದಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು. ಅವನು ಹಿಂದೆಯೇ ಹೋದ. ಶೆಡ್ಡಿನ ಬಾಗಿಲಲ್ಲಿ ಅವಳು ತಿರುಗಿ, ಟಾರ್ಪಾಲು ಹೊದ್ದು ನಿಂತದ್ದರ ಕಡೆ ಗಲ್ಲ ಎತ್ತಿ ತೋರಿಸಿದಳು.

"ಇವತ್ತು ಐದು ನಿಮಿಷ ಆರಿಸ್ತೀನಿ. ಒಂದು ಫ್ರೇಮು ಸಿಗುತ್ತೆ. ಹೋಗಿ, ತಗೊಳ್ಳಿ."

ಅವನು ಹೋಗಲಿಲ್ಲ. ಸ್ವಿಚ್ಚಿನ ಪಕ್ಕ ನಿಂತ. ಅವಳು ಒಳಗೆ ಹೋಗಿ ಮರಿಗಳ ನಡುವೆ, ಆ ಮೂಲೆಗೆ ಅಡ್ಡವಾಗಿ ಕಾಲು ಅಗಲಿಸಿ ನಿಂತು, "ಹೂಂ" ಎಂದಳು.

ಅವನು ಸ್ವಿಚ್ಚು ಎಳೆದ. ಸದ್ದು ನಿಂತಿತು. ಆಮೇಲೆ ಆ ತೆಳ್ಳನೆಯ ಕೂಗು ಎದ್ದಿತು. ಅವನು ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ. ಅವಳ ದನಿಗಾಗಿ ಕಾದ. ಬಸ್ಸು, ಅಕ್ಕ, ವಾರ್ನಿಷ್ ಕಲೆ, ಯಾವುದಾದರೂ ಒಂದು. ಕತ್ತಲೆಯೊಳಗೆ ಅವಳು ಬಾಯಿ ತೆರೆದದ್ದು, ಮಾತು ಹೊರಡದೆ ನಿಂತದ್ದು ಅವನಿಗೆ ಉಸಿರಿನಲ್ಲೇ ತಿಳಿಯಿತು. ಮರಿಗಳು ಸರಿಯುವ ಸದ್ದು ಹೊಟ್ಟಿನ ಮೇಲೆ ಶುರುವಾಯಿತು.

"ಆವತ್ತು ರಾತ್ರಿ," ಎಂದು ಅವನು ಬಾಗಿಲಿನಿಂದ ಶುರುಮಾಡಿದ. "ಆವತ್ತು ಏಳೂವರೆಗೆ ನಾನು ಬಂದು ಸ್ವಿಚ್ಚು ಕೆಳಗೆಳೆದೆ."

ಅವನು ಒಂದನ್ನೂ ಬಿಡದೆ ಹೇಳುತ್ತಾ ಹೋದ: ಗೋಡೆಯ ಮೇಲಿನ ಲೆಕ್ಕ, ಡ್ರಮ್ಮು, ಶೆಡ್ಡಿನ ಕಡೆ ಇಟ್ಟು ನಿಲ್ಲಿಸಿದ ಎರಡು ಹೆಜ್ಜೆ. ಐದು ನಿಮಿಷ ಎಷ್ಟು ಉದ್ದವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಅದು ಮುಗಿದದ್ದು ಗೊತ್ತಾದಾಗ ನಿಲ್ಲಿಸಿದ.

"ಬಲ್ಬು ಹಾಕಲಾ?" ಎಂದ.

ಮರಿಗಳು ಕೂಗುವುದನ್ನು ಬಿಟ್ಟಿದ್ದವು. ಇದ್ದಲ್ಲೇ ಇವೆಯೋ, ಮೂಲೆಗೆ ಸೇರಿವೆಯೋ, ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಅವಳು ಹೂಂ ಎನ್ನುವುದಕ್ಕೆ ಅವನು ಕಾದ.